ಮಂಡಿ ನೋವಿಗೆ ಭಾರ ಎತ್ತಬೇಕೋ, ಬೇಡವೋ?

"ಮಂಡಿ ಸವೆದಿದೆ, ಜಾಸ್ತಿ ಓಡಾಡಬೇಡಿ" ಎಂಬ ಮಾತು ಕೇಳದವರು ಕಡಿಮೆ. ಈಗ ಅದೇ ಮಂಡಿಗೆ ಭಾರ ಎತ್ತಿ ಎನ್ನುತ್ತಾರೆ. ಮರುದಿನ ಇನ್ನೊಂದು ಸುದ್ದಿ ಬರುತ್ತದೆ: ಭಾರ ಎತ್ತಿದರೂ ಲಾಭವಿಲ್ಲವಂತೆ. ನೋವಿರುವವರು ಯಾವುದನ್ನು ನಂಬಬೇಕು?

ಗೊಂದಲದ ಬೇರು 'ಸವೆತ' ಎಂಬ ಪದದಲ್ಲೇ ಇದೆ. ಅದನ್ನು ಕೇಳಿದ ಕೂಡಲೇ ಕಾಲು ಆಡಿಸಲು ಭಯವಾಗುತ್ತದೆ, ಅಲ್ವಾ? ಆದರೆ ಸವೆಯುವ ಕಾರ್ಟಿಲೇಜಿಗೆ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಹೊದಿಕೆಗೆ, ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕಾಲು ಆಡಿದಾಗಲೇ ಆ ದ್ರವ ಚೆನ್ನಾಗಿ ಒಳಗೆ ಹೊರಗೆ ಹರಿಯುವುದು.

1945ರಲ್ಲೇ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಗಾಯಗೊಂಡ ಸೈನಿಕರಿಗೆ ಹಂತ ಹಂತವಾಗಿ ಭಾರ ಏರಿಸುವ ವ್ಯಾಯಾಮ ಮಾಡಿಸಿದ್ದರು. ಮಂಡಿ ಸವೆತಕ್ಕೆ ಆ ದಾರಿ ಬರಲು ಅರ್ಧ ಶತಮಾನ ಬೇಕಾಯಿತು. 1997ರಲ್ಲಿ 439 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಿ ನಡಿಗೆಯಿಂದಲೂ ಭಾರದ ವ್ಯಾಯಾಮದಿಂದಲೂ ನೋವು ಸ್ವಲ್ಪ ತಗ್ಗಿತು. 2002ರಲ್ಲಿ ಇನ್ನೊಂದು ನಂಬಿಕೆ ಅಲುಗಾಡಿತು. ಸವೆದ ಮಂಡಿಯೊಳಗೆ ಕೊಳವೆ ಇಳಿಸಿ ತೊಳೆಯುವ, ಕೆರೆಯುವ ಶಸ್ತ್ರಚಿಕಿತ್ಸೆಯೂ ಚರ್ಮವನ್ನಷ್ಟೇ ಕೊಯ್ದು ಹೊಲಿದ ನಟನೆಯೂ ಒಂದೇ ಫಲ ಕೊಟ್ಟವು.

ಆಮೇಲೆ ಉಳಿದದ್ದು, ಎಷ್ಟು ಭಾರ ಎತ್ತಬೇಕು ಎಂಬ ಪ್ರಶ್ನೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡ ಮಂಡಿ ಸವೆತವಿದ್ದ, 50 ದಾಟಿದ 377 ಜನರನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಹೆಚ್ಚು ಭಾರ, ಒಂದಕ್ಕೆ ಹಗುರ ಭಾರ. ಮೂರನೆಯದಕ್ಕೆ ಆರೋಗ್ಯದ ಮಾತುಕತೆಯ ಸಭೆಗಳು. ಹದಿನೆಂಟು ತಿಂಗಳು ಕಳೆದರೂ ನೋವಿನಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. 2021ರಲ್ಲಿ ಈ ಫಲಿತಾಂಶ ಹೊರಬಂದಾಗ "ವ್ಯಾಯಾಮ ವ್ಯರ್ಥ" ಎಂಬ ಅರ್ಥ ಹರಡಿತು.

ಅದು ಅವಸರದ ಓದು. ಮೂರೂ ಗುಂಪಿನಲ್ಲಿ ನೋವು ಇಳಿದಿತ್ತು. ಸಭೆಗೆ ಬಂದವರೂ ಸುಮ್ನೆ ಒಂಟಿಯಾಗಿ ಬಿದ್ದಿರಲಿಲ್ಲ. ಅವರಿಗೆ ತಿಳಿವಳಿಕೆ, ಒಡನಾಟ, ಗಮನ ಸಿಕ್ಕಿತ್ತು. ನೋವು ಬರೀ ಮೂಳೆಯ ವಿಷಯವಲ್ಲ ಎನ್ನುವುದನ್ನು ನಾವು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದೇ ನನಗನ್ನಿಸುತ್ತದೆ. ಹಗುರ ಭಾರವೇ ಸಾಲುವವರಿಗೆ ಇದು ಒಳ್ಳೆಯ ಸುದ್ದಿಯೂ ಹೌದು. ಜಿಮ್ಮಿನ ದೊಡ್ಡ ಕಬ್ಬಿಣದ ತಟ್ಟೆಗಳ ಭಯ ಬೇಕಿಲ್ಲ.

2023ರ ಇನ್ನೊಂದು ಅಧ್ಯಯನ ಸುಮಾರು 2,600 ಜನರ ಹಿಂದಿನ ಅಭ್ಯಾಸ ಕೇಳಿತು. ಬದುಕಿನಲ್ಲಿ ಯಾವಾಗಲಾದರೂ ಭಾರದ ವ್ಯಾಯಾಮ ಮಾಡಿದವರಲ್ಲಿ ಮಂಡಿ ನೋವೂ ಸವೆತವೂ ಕಡಿಮೆ ಕಂಡವು. ವ್ಯಾಯಾಮದಿಂದಲೇ ಹಾಗಾಯಿತು ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ಭಾರ ಎತ್ತಿದರೆ ಮಂಡಿ ಹಾಳಾಗುತ್ತದೆ ಎಂಬ ಹಳೆಯ ಹೆದರಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ.