ರಿಗ್‌ನ ಕಾಲುಗಳನ್ನು ಕಡಲ ತಳದಲ್ಲಿ ಹೂಳಿರುತ್ತಾರೆಯೇ?

ಪ್ರಶ್ನೆ: ಸಮುದ್ರದಲ್ಲಿ ತೈಲಬಾವಿ ಕೊರೆಯುವ ರಿಗ್‌ನ ಕಾಲುಗಳನ್ನು ತಳದಲ್ಲಿ ಹೂಳಿರುತ್ತಾರಲ್ಲ, ಬಾವಿ ಮುಗಿದ ಮೇಲೆ ಅದನ್ನು ಬೇರೆಡೆಗೆ ಒಯ್ಯುವುದು ಹೇಗೆ?

ಉತ್ತರ: ಹೂಳಿರುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಬರುವಾಗಲೆಲ್ಲ ‘ಹೂಳಿರುತ್ತಾರಲ್ಲ’ ಎಂಬ ನಂಬಿಕೆಯನ್ನು ಜೊತೆಗೇ ತರುತ್ತದೆ. ತಳಕ್ಕೆ ಉಕ್ಕಿನ ಕಂಬಗಳನ್ನು ಬಡಿದು ಶಾಶ್ವತವಾಗಿ ನಿಲ್ಲಿಸುವುದು ಸಾಮಾನ್ಯವಾಗಿ ತೈಲ ಉತ್ಪಾದಿಸುವ ವೇದಿಕೆಗಳನ್ನು. ಬಾವಿ ಕೊರೆದು ಹೊರಟುಹೋಗುವ ರಿಗ್ ಬೇರೆಯೇ ಜಾತಿಯದು.

ಅದರ ಮೊದಲ ರೂಪಕ್ಕೆ ಕಾಲುಗಳೇ ಇರಲಿಲ್ಲ. 1933ರಲ್ಲಿ ಅಮೆರಿಕದ ಲೂಯಿಸಿಯಾನದ ಆಳವಿಲ್ಲದ ನೀರಿನಲ್ಲಿ ‘ಗಿಲಿಯಾಸೊ’ ಎಂಬ ಬಾರ್ಜನ್ನು (ಚಪ್ಪಟೆ ತಳದ ದೋಣಿ) ಎಳೆದೊಯ್ದು, ನೀರು ತುಂಬಿಸಿ ತಳದ ಮೇಲೆ ಕೂರಿಸಿ ಬಾವಿ ಕೊರೆದರು. ಕೆಲಸ ಮುಗಿದಾಗ ನೀರನ್ನು ಹೊರಹಾಕಿದರೆ ಅದು ಮತ್ತೆ ತೇಲುತ್ತಿತ್ತು. 1954ರಲ್ಲಿ ಆಲ್ಡೆನ್ ಲಾಬೋರ್ಡ್ ರೂಪಿಸಿದ ‘ಮಿಸ್ಟರ್ ಚಾರ್ಲಿ’ ಇದೇ ತತ್ತ್ವವನ್ನು ತೆರೆದ ಕಡಲಿನ ಸುಮಾರು 12 ಮೀಟರ್ ಆಳಕ್ಕೆ ಒಯ್ದಿತು. ಅದರಲ್ಲಿ ಬಾರ್ಜ್ ತಳದ ಮೇಲೆ ಕೂರುತ್ತಿತ್ತು, ಕೊರೆಯುವ ಅಟ್ಟ ಎತ್ತರದ ಕಂಬಗಳ ಮೇಲೆ ಅಲೆಗಳಿಗೆ ಸಿಗದಂತೆ ನಿಲ್ಲುತ್ತಿತ್ತು.

ನೀವು ಚಿತ್ರಗಳಲ್ಲಿ ನೋಡುವ ಉದ್ದಕಾಲಿನ ಜಾಕ್-ಅಪ್ ರಿಗ್‌ಗಳಿಗೆ ಮಾದರಿಯಾದದ್ದು ಆರ್. ಜಿ. ಲೆಟೂರ್ನೊ ಕಟ್ಟಿದ ‘ಸ್ಕಾರ್ಪಿಯನ್’. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್ ಆಗ ನಡೆಸುತ್ತಿದ್ದ ಜಪಾಟಾ ಆಫ್‌ಶೋರ್ ಕಂಪನಿಗೆ ಅದು 1956ರಲ್ಲಿ ಸೇರಿತು. ಅದಕ್ಕಿದ್ದ ಜಾಲರಿಯಂಥ ಮೂರು ಕಾಲುಗಳ ಉದ್ದಕ್ಕೂ ಹಲ್ಲುಗಳಿದ್ದವು. ವಿದ್ಯುತ್ ಮೋಟಾರುಗಳಿಂದ ತಿರುಗುವ ಗೇರುಗಳು ಆ ಹಲ್ಲುಗಳನ್ನು ಹಿಡಿದು ಕಾಲುಗಳನ್ನು ಇಳಿಸುತ್ತಿದ್ದವು, ಎತ್ತುತ್ತಿದ್ದವು.

ಈಗ ಹೂಳುವ ಮಾತಿಗೆ ಬರೋಣ. ರಿಗ್ ಕಾಲುಗಳನ್ನು ಮೇಲಕ್ಕೆತ್ತಿಕೊಂಡು ತೇಲುತ್ತ ಬರುತ್ತದೆ. ಕಾಲುಗಳು ತಳ ಮುಟ್ಟಿದ ಮೇಲೂ ಗೇರುಗಳು ತಿರುಗುತ್ತಲೇ ಇದ್ದರೆ, ಅಲ್ಲಿಯವರೆಗೆ ತೇಲುತ್ತಿದ್ದ ರಿಗ್‌ನ ಒಡಲೇ ನೀರಿನಿಂದ ಮೇಲೇಳಲು ತೊಡಗುತ್ತದೆ, ಅದರ ಭಾರವೆಲ್ಲ ಕಾಲುಗಳಿಗೆ ಬಂದು ಪಾದಗಳು ಮಣ್ಣಿಗೆ ಇಳಿಯುತ್ತವೆ. ಬಳಿಕ ಒಡಲಿನ ತೊಟ್ಟಿಗಳಿಗೆ ಸಮುದ್ರದ ನೀರನ್ನೇ ತುಂಬಿಸಿ, ಬಿರುಗಾಳಿಯಲ್ಲಿ ಕಾಲುಗಳ ಮೇಲೆ ಬೀಳಬಹುದಾದಷ್ಟು ಭಾರವನ್ನು ಮೊದಲೇ ಹೇರಿ, ಪಾದಗಳು ಇನ್ನು ಇಳಿಯುವುದಿಲ್ಲ ಎಂದು ಖಚಿತವಾದ ಮೇಲೆ ಆ ನೀರನ್ನು ಬಿಟ್ಟು, ಒಡಲನ್ನು ಅಲೆಗಳ ತುದಿಗಿಂತ ಎತ್ತರಕ್ಕೆ ಏರಿಸುತ್ತಾರೆ. ಬಡಿಯುವುದೂ ಇಲ್ಲ, ಕಾಂಕ್ರೀಟ್ ಸುರಿಯುವುದೂ ಇಲ್ಲ. ಹೊರಡುವಾಗ ಒಡಲನ್ನು ನೀರಿಗಿಳಿಸಿ ಇನ್ನಷ್ಟು ಕೆಳಕ್ಕೆ ಒತ್ತಿದರೆ, ಅದನ್ನು ಮೇಲಕ್ಕೆ ತಳ್ಳುವ ನೀರಿನ ಬಲವೇ ಕಾಲುಗಳನ್ನು ಕೀಳುತ್ತದೆ. ಕೆಸರುಗದ್ದೆಯಲ್ಲಿ ಹೂತ ಕಾಲಿನಂತೆ ಪಾದ ಕಚ್ಚಿಕೊಂಡರೆ ಅದರ ಸುತ್ತ ರಭಸದಿಂದ ನೀರು ಚಿಮ್ಮಿಸಿ ಮಣ್ಣನ್ನು ಸಡಿಲಿಸುತ್ತಾರೆ. ಈ ಇಳಿಸುವ, ಎತ್ತುವ ಹೊತ್ತೇ ಅಪಾಯದ ಹೊತ್ತು: ಉತ್ತರ ಸಮುದ್ರದಲ್ಲಿ ‘ಸೀ ಜೆಮ್’ ಎಂಬ ಜಾಕ್-ಅಪ್ ರಿಗ್ 1965ರ ಡಿಸೆಂಬರ್ 27ರಂದು ಕುಸಿದು 13 ಮಂದಿ ಸತ್ತದ್ದು ಅದು ಬೇರೆಡೆಗೆ ಹೊರಡುವ ಸಿದ್ಧತೆಯಲ್ಲಿದ್ದಾಗಲೇ. 1974ರಲ್ಲಿ ಮುಂಬೈ ತೀರದಾಚೆಯ ಬಾಂಬೆ ಹೈನಲ್ಲಿ ತೈಲ ಕಂಡುಹಿಡಿದ ನಮ್ಮ ‘ಸಾಗರ್ ಸಾಮ್ರಾಟ್’ ಕೂಡ ಆಗ ಜಾಕ್-ಅಪ್ ರಿಗ್ಗೇ ಆಗಿತ್ತು.

ಹಾಗಾದರೆ ಆಳ ಹೆಚ್ಚಿದಷ್ಟೂ ಕಾಲು ಉದ್ದ ಮಾಡುತ್ತ ಹೋಗಬಹುದಲ್ಲ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಕಾಲು ಉದ್ದವಾದಷ್ಟೂ ಹೆಚ್ಚು ಬಾಗುತ್ತದೆ, ಅಲೆಗಳ ಹೊಡೆತಕ್ಕೆ ರಿಗ್ಗೇ ತೂಗಾಡತೊಡಗುತ್ತದೆ. ಹೆಚ್ಚು ಆಳದಲ್ಲಿ ಕೊರೆಯುವ ದಾರಿ ಸಿಕ್ಕಿದ್ದು 1960ರ ದಶಕದ ಆರಂಭದಲ್ಲಿ. ಮುಳುಗಿಸಿ ಕೂರಿಸುವ ರಿಗ್ಗೊಂದನ್ನು ಅರ್ಧ ಮುಳುಗಿಸಿ ಎಳೆಯುವಾಗ ಅದು ಅಷ್ಟಾಗಿ ಅಲುಗುವುದಿಲ್ಲವೆಂದು ಶೆಲ್ ಕಂಪನಿಯ ಎಂಜಿನಿಯರ್ ಬ್ರೂಸ್ ಕೊಲಿಪ್ ಗಮನಿಸಿದರು. ಒಡಲಿನ ಬಹುಭಾಗ ಅಲೆಗಳ ಬಲ ಕುಗ್ಗುವ ಆಳದಲ್ಲಿರುತ್ತದೆ, ನೀರಿನ ಮಟ್ಟದಲ್ಲಿ ಅಲೆಗೆ ಸಿಗುವುದು ಕಂಬಗಳಷ್ಟೇ. ಆ ರಿಗ್ಗನ್ನೇ ‘ಬ್ಲೂ ವಾಟರ್ 1’ ಆಗಿ ಮಾರ್ಪಡಿಸಿ, ತಳ ಮುಟ್ಟಿಸದೆ, ಲಂಗರುಗಳ ಬಿಗಿತದಲ್ಲೇ ನಿಲ್ಲಿಸಿ ಬಾವಿ ಕೊರೆದರು.