ಅಂದಾಜು ಬೇರೆ, ಊಹೆ ಬೇರೆ

ಪ್ರಶ್ನೆ: "ಸರ್, ಈ ಆಬ್ಸ್‌ಟ್ರ್ಯಾಕ್ಟ್ ಇಂಟರ್‌ಪ್ರಿಟೇಶನ್ ಪ್ರೋಗ್ರಾಮನ್ನ ಓಡಿಸೋದೇ ಇಲ್ಲಂತ, ಬರೇ ಅಂದಾಜಿನ ಮ್ಯಾಲೆ ತಪ್ಪು ಹೇಳ್ತದಂತ. ಹೆಂಗ್ರೀ ನಂಬೋದು?"

ಈ ವರ್ಷ ಇದು ನಾಲ್ಕನೇ ಸಲ. ಸಿಂಧನೂರಿನಿಂದ ಒಬ್ಬರು, ಬಳ್ಳಾರಿಯಿಂದ ಇಬ್ಬರು, ಈಗ ಗಂಗಾವತಿಯವರು. ಪ್ರೋಗ್ರಾಮನ್ನು ಓಡಿಸದೆ, ಅದರೊಳಗಿನ ಬೆಲೆಗಳು ಯಾವ ಮಿತಿಯೊಳಗೆ ಇರುತ್ತವೆ ಎಂದು ಲೆಕ್ಕ ಹಾಕಿ ತಪ್ಪು ಹುಡುಕುವ ವಿಧಾನ ಇದು. ಗಂಗಾವತಿಯವರೇ ಕೇಳಿದ ಮೇಲೆ ಭತ್ತದ ಲೆಕ್ಕದಲ್ಲೇ ಹೇಳಿಬಿಡುತ್ತೇನೆ.

ಲಾರಿಗೆ ನೂರು ಚೀಲ ಭತ್ತ ಏರಿಸಬೇಕು. ಒಂದೊಂದು ಚೀಲವೂ 74ರಿಂದ 76 ಕೆಜಿ ಒಳಗೇ ಇದೆ, ಅದು ಖಾತ್ರಿ. ಕಾಟಾಕ್ಕೆ ಹಾಕದೆಯೇ ಗಿರಣಿ ಗುಮಾಸ್ತ ಹೇಳುತ್ತಾನೆ: ಒಟ್ಟು 7,400ಕ್ಕೆ ಕಡಿಮೆಯಿಲ್ಲ, 7,600 ದಾಟುವುದಿಲ್ಲ. ಲಾರಿ 8,000 ಕೆಜಿ ಹೊರುವುದಾದರೆ ಕಣ್ಣು ಮುಚ್ಚಿ ಕಳಿಸಬಹುದು. ಇದರಲ್ಲಿ ಊಹೆ ಎಲ್ಲಿದೆ, ತೋರಿಸಿ.

ಲಾರಿ ಹೊರುವುದು 7,500 ಮಾತ್ರವಾದರೆ ಗುಮಾಸ್ತ "ಹೆಚ್ಚಾದೀತು ನೋಡ್ರಿ" ಅನ್ನುತ್ತಾನೆ. ತೂಗಿದರೆ 7,480 ಬರಬಹುದು. ಇದೇ ಫಾಲ್ಸ್ ಅಲಾರ್ಮ್. ಅವನು ಎಡವುವುದು ಒಂದೇ ಕಡೆಗೆ: ಇಲ್ಲದ ಅಪಾಯ ಹೇಳಿಯಾನು, ಇದ್ದದ್ದನ್ನು ಬಿಡಲಾರ. ಟೆಸ್ಟಿಂಗ್, ಅಂದರೆ ಪ್ರೋಗ್ರಾಮನ್ನು ಕೆಲವು ಸಲ ಓಡಿಸಿ ನೋಡುವುದು, ಇದಕ್ಕೆ ಉಲ್ಟಾ. ಹತ್ತು ಚೀಲ ತೂಗಿ, ಉಳಿದ ತೊಂಬತ್ತೂ ಹಾಗೇ ಇದ್ದಾವು ಅನ್ನುವುದು. ಊಹೆ ಅನ್ನಲೇಬೇಕಾದರೆ ಅದಕ್ಕೆ ಅನ್ನಿ!

ಚೀಲದ ಜಾಗದಲ್ಲಿ ವೇರಿಯೇಬಲ್ ಇಡಿ, ಅಂದರೆ ಪ್ರೋಗ್ರಾಮಿನಲ್ಲಿ ಬೆಲೆ ಹಿಡಿದಿಡುವ ಹೆಸರು. 1996ರ ಜೂನ್ 4ರಂದು ಯುರೋಪಿನ ಏರಿಯೇನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಚೂರಾಯಿತು. 32,767ಕ್ಕಿಂತ ದೊಡ್ಡದು ಹಿಡಿಯದ 16 ಬಿಟ್ ಜಾಗಕ್ಕೆ ಅದಕ್ಕೂ ದೊಡ್ಡ ಸಂಖ್ಯೆ ತುರುಕಿದ್ದರು. ಲಾರಿ ಸಣ್ಣದು, ಭಾರ ದೊಡ್ಡದು. ಪ್ಯಾಟ್ರಿಕ್ ಮತ್ತು ರಾಧಿಯಾ ಕೂಸೊ ದಂಪತಿ ಈ ಲೆಕ್ಕಕ್ಕೆ ಗಣಿತದ ಬುನಾದಿ ಹಾಕಿದ್ದು 1977ರಲ್ಲೇ. 2003ರಲ್ಲಿ ಆಸ್ಟ್ರೇ ಎಂಬ ಟೂಲ್, ಏರ್‌ಬಸ್ ಎ340 ವಿಮಾನದ ಹಾರಾಟ ನಿಯಂತ್ರಿಸುವ 1,32,000 ಸಾಲಿನ ಸಿ ಕೋಡ್‌ನಲ್ಲಿ ಇಂಥ ರನ್‌ಟೈಮ್ (ಓಡುವಾಗ ಆಗುವ) ತಪ್ಪು ಒಂದೂ ಇಲ್ಲವೆಂದು ಸಾಧಿಸಿ ತೋರಿಸಿತು. ಬರೀ ಅಂದಾಜಿನ ಮೇಲೆ, ಸ್ವಾಮಿ.

ನೀವು ಕೇಳಬೇಕಿದ್ದದ್ದು ಬೇರೆ: ಲೂಪ್, ಅಂದರೆ ಒಂದೇ ಕೆಲಸ ಸುತ್ತುಸುತ್ತಾಗಿ ಮಾಡಿಸುವ ಭಾಗ, ಬಂದರೆ? i ಎಂಬ ವೇರಿಯೇಬಲ್ ಸೊನ್ನೆಯಿಂದ ಶುರುವಾಗಿ, 100ಕ್ಕಿಂತ ಕಡಿಮೆ ಇರುವವರೆಗೆ ಒಂದೊಂದೇ ಏರುತ್ತದೆ. iಯ ಮಿತಿಯನ್ನು 0ರಿಂದ 0, 0ರಿಂದ 1, 0ರಿಂದ 2... ಹೀಗೇ ಹಿಗ್ಗಿಸುತ್ತ ಕೂತರೆ ಕೆಲವು ಲೂಪು ಎಂದೂ ಮುಗಿಯವು. ಅದಕ್ಕೇ ಮೇಲಿನ ಅಂಚು ಏರುತ್ತಿದೆ ಎಂದು ಕಂಡ ಕೂಡಲೇ ಟೂಲ್ ಅದನ್ನು ಸೀದಾ ಅನಂತಕ್ಕೆ ಎತ್ತಿಬಿಡುತ್ತದೆ. ಇದು ವೈಡನಿಂಗ್. ಆಮೇಲೆ ಲೂಪಿನ ಶರತ್ತು ಹಿಡಿದು ಇನ್ನೊಂದು ಸುತ್ತು ಬಂದು ಅಂಚನ್ನು ಕೆಳಗಿಳಿಸುತ್ತದೆ. ಒಳಗೆ 0ರಿಂದ 99, ಹೊರಬಂದಾಗ 100. ನೂರು ಸುತ್ತಿನ ಕೆಲಸ ನಾಲ್ಕಾರು ಹೆಜ್ಜೆಯಲ್ಲಿ.