ಒತ್ತಕ್ಷರಕ್ಕೆ ಪಿಕ್ಸೆಲ್ ಸಾಲದಾದಾಗ

ಹಳೆಯ ಮಾನಿಟರಿನಲ್ಲಿ 'ಧನ' ಎಂದು ಸಣ್ಣ ಅಳತೆಯಲ್ಲಿ ಟೈಪಿಸಿ, ಒಂದು ಮಾರು ದೂರದಿಂದ ನೋಡಿ. 'ದನ' ಎಂದೇ ಓದಿಕೊಂಡರೆ ತಪ್ಪು ಕಣ್ಣಿನದಲ್ಲ. ಮಹಾಪ್ರಾಣದ ಗುರುತಾದ ಬುಡದ ಸೀಳಿಗೆ ಅಲ್ಲಿ ಸಿಗುವುದು ಒಂದೋ ಎರಡೋ ಪಿಕ್ಸೆಲ್, ಅಂದರೆ ಪರದೆಯ ಚುಕ್ಕೆ, ಅಷ್ಟೇ.

1984ರ ಮ್ಯಾಕಿಂಟಾಷ್ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು; ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ, ಹಾಗಾಗಿ 12 ಪಾಯಿಂಟ್ ಅಕ್ಷರಕ್ಕೆ 12 ಪಿಕ್ಸೆಲ್. ವಿಂಡೋಸ್ ಇಂಚಿಗೆ 96 ಎಂದು ಹಿಡಿದದ್ದರಿಂದ ಅದೇ ಅಕ್ಷರಕ್ಕೆ 16 ಸಿಕ್ಕವು. ಇಂಗ್ಲಿಷಿಗೆ ಧಾರಾಳವಾಯಿತು. ಆದರೆ 'ರಾಷ್ಟ್ರ' ಬರೆಯಬೇಕಾದರೆ ತಲೆಕಟ್ಟು, ಷಕಾರದ ಹೊಟ್ಟೆಯೊಳಗಿನ ಗೆರೆ, ಟಕಾರದ ಒತ್ತು, ರಕಾರದ ಒತ್ತು ಎಲ್ಲವೂ ಆ 16ರಲ್ಲೇ ಹಂಚಿಕೊಳ್ಳಬೇಕು.

1991ರಲ್ಲಿ ಆಪಲ್, ಮರುವರ್ಷ ವಿಂಡೋಸ್ 3.1 ಟ್ರೂಟೈಪ್ ಎಂಬ ಫಾಂಟ್ ಮಾದರಿಯನ್ನು ತಂದವು. ಗೆರೆಯೊಂದು ಎರಡು ಪಿಕ್ಸೆಲ್‌ಗಳ ನಡುವೆ ಬಿದ್ದರೆ ಯಾವ ಕಡೆ ಸರಿಯಬೇಕೆಂದು ಫಾಂಟಿನೊಳಗೇ ಬರೆದಿಡುವ ಹಿಂಟಿಂಗ್ ಇದರಲ್ಲಿತ್ತು. ಒತ್ತು, ಗುಣಿತ ಸೇರಿ ನೂರಾರು ಆಕಾರಗಳಿರುವ ಕನ್ನಡ ಫಾಂಟಿಗೆ ಇದನ್ನು ಕೈಯಾರೆ ಮಾಡುವುದು ತಿಂಗಳುಗಟ್ಟಲೆಯ ಕೆಲಸ.

2001ರ ವಿಂಡೋಸ್ ಎಕ್ಸ್‌ಪಿ ಜತೆ ತುಂಗಾ ಎಂಬ ಕನ್ನಡ ಫಾಂಟೂ ಬಂತು, ಕ್ಲಿಯರ್‌ಟೈಪೂ ಬಂತು. ಎಲ್‌ಸಿಡಿಯ ಪ್ರತಿ ಪಿಕ್ಸೆಲಿನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ಇರುತ್ತವೆ. ಅವನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಡ್ಡಸಾಲಿನ ಸ್ಪಷ್ಟತೆ ಹೆಚ್ಚಿಸುವ ಜಾಣತನ ಈ ಕ್ಲಿಯರ್‌ಟೈಪಿನದು. ನಮಗೆ ಇಕ್ಕಟ್ಟು ಇದ್ದದ್ದೋ ಮೇಲೆ-ಕೆಳಗೆ! ಆ ದಿಕ್ಕಿನ ಅಂಚನ್ನೂ ನಯಗೊಳಿಸುವ ಡೈರೆಕ್ಟ್‌ರೈಟ್ ಬಂದದ್ದು 2009ರ ವಿಂಡೋಸ್ 7ರಲ್ಲಿ. ಅಲ್ಲಿಯವರೆಗೆ ವಿಂಡೋಸಿನಲ್ಲಿ ಒತ್ತುಗಳ ಬಾಗು ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತಿತ್ತು.

2010ರ ಐಫೋನ್ 4 ಇಂಚಿಗೆ 326 ಪಿಕ್ಸೆಲ್ ಕೊಟ್ಟಿತು. ಅಷ್ಟು ದಟ್ಟ ಪರದೆಯಲ್ಲಿ ಹಿಂಟಿಂಗ್ ಇಲ್ಲದಿದ್ದರೂ ನಡೆಯುತ್ತದೆ. ಮೇಜಿನ ಮೇಲಿನ ಕಥೆಯೇ ಬೇರೆ: 24 ಇಂಚಿನ 1920×1080 ಮಾನಿಟರಿನಲ್ಲಿ ಇಂದಿಗೂ ಇಂಚಿಗೆ ಸುಮಾರು 92 ಮಾತ್ರ. ಅಕ್ಷರ ದೊಡ್ಡದಾಗಲೆಂದು ಅದನ್ನು 1366×768ಕ್ಕೆ ಇಳಿಸುವವರಿದ್ದಾರೆ. ಆಗ ಒಂದು ಪಿಕ್ಸೆಲಿನ ಚಿತ್ರವನ್ನು 1.4 ಪಿಕ್ಸೆಲಿಗೆ ಎಳೆಯಬೇಕಾಗಿ ಎಲ್ಲ ಗೆರೆಯೂ ಮಸುಕಾಗುತ್ತದೆ. ರೆಸಲ್ಯೂಶನ್ ಮುಟ್ಟದೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ 125% ಮಾಡಿ. 16 ಪಿಕ್ಸೆಲಿನ ಅಕ್ಷರಕ್ಕೆ ನಿಜವಾದ 20 ಸಿಗುತ್ತವೆ.

ವೆಬ್ ಪುಟ ಮಾಡುವವರು ಕನ್ನಡಕ್ಕೆ 18 ಪಿಕ್ಸೆಲಿಗಿಂತ ಇಳಿಯದಿರುವುದು ಒಳಿತು. ಸಾಲಿನ ಎತ್ತರ ಅಕ್ಷರದ ಅಳತೆಯ 1.6ರಷ್ಟಿರಲಿ. 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ, ಬಟನ್ನುಗಳಲ್ಲಂತೂ ಒತ್ತಿನ ಬಾಲವೇ ಕತ್ತರಿಸಿ ಹೋಗುತ್ತದೆ. ಅದು 4ಕೆ ಪರದೆಯಲ್ಲೂ ಹಾಗೆಯೇ.